ತುಂಬಿದ ಬಟ್ಟಲು, ಕೇಳಬಾರದ ಪ್ರಶ್ನೆ

ಚೀನಾದ ಊಟದ ಮಾತು ಬಂದೊಡನೆ ನಮ್ಮವರ ಮುಖದಲ್ಲಿ ಎರಡು ಭಾವಗಳು ಮೂಡುತ್ತವೆ. ಒಂದು ಹೇಸಿಗೆ: ಹಾವು, ಚೇಳು, ಕಪ್ಪೆಗಳನ್ನೂ ಬಿಡದವರು ಎಂಬ ಸವಕಲು ಮಾತು. ಇನ್ನೊಂದು ಅಸೂಯೆ ಬೆರೆತ ಬೆರಗು: ನಮ್ಮೊಂದಿಗೇ ಹೊರಟವರು ಎಲ್ಲಿಗೆ ಹೋಗಿ ಮುಟ್ಟಿದರು, ಅಲ್ಲಿಯ ರಸ್ತೆಯೇನು, ರೈಲೇನು, ಅಂಗಡಿ ಸಾಲುಗಳೇನು ಎಂಬ ಉದ್ಗಾರ. ಹೇಸುವವರಲ್ಲಿ ಬಹುಪಾಲು ಮಂದಿ ಆ ದೇಶವನ್ನು ಕಂಡವರಲ್ಲ. ಬೆರಗಾದವರು ಒಂದು ವಾರ ಹೋಗಿಬಂದವರು. ಇಬ್ಬರೂ ನೋಡುತ್ತಿರುವುದು ತಟ್ಟೆಯನ್ನು, ಉಣ್ಣುವವನನ್ನಲ್ಲ. ಜವಳಿ ವ್ಯಾಪಾರದ ನೌಕರಿಯ ನಿಮಿತ್ತ ಆ ದೇಶಕ್ಕೆ ಹಲವು ಸಲ ಹೋಗಿ, ಅವರ ಮೇಜಿಗೆ ಕುಳಿತು ಉಂಡಿರುವ ನನಗೆ ಉಣ್ಣುವವನ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ. ಚೀನಾ ತನ್ನ ಜನರನ್ನು ಒಂದೇ ತಲೆಮಾರಿನ ಅವಧಿಯಲ್ಲಿ ಹಸಿದವರ ಸಾಲಿನಿಂದ ಗ್ರಾಹಕರ ಸಾಲಿಗೆ ತಂದು ನಿಲ್ಲಿಸಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಗ್ರಾಹಕನಾದವನು ನಾಗರಿಕನಾಗುವ ಹಾದಿಯಲ್ಲಿ ಒಂದು ಗೋಡೆ ಎದ್ದಿದೆ. ಆ ಗೋಡೆಯನ್ನು ಕಾಣಲು ರಾಜಕೀಯ ಗ್ರಂಥಗಳನ್ನು ತೆರೆಯಬೇಕಾಗಿಲ್ಲ, ಅನ್ನದ ಬಟ್ಟಲನ್ನು ನೋಡಿದರೆ ಸಾಕು.

ಅಲ್ಲಿಯ ಹಿರಿಯರು ಎದುರಾದಾಗ ಕೇಳುವ ಕುಶಲಪ್ರಶ್ನೆ, 'ಊಟ ಆಯಿತೇ?' ಎಂದೇ. ಕನ್ನಡಿಗನಿಗೆ ಇದು ತೀರ ಪರಿಚಿತ. ನಾವೂ ಬೀದಿಯಲ್ಲಿ ಸಿಕ್ಕವರನ್ನು ಕೇಳುವುದು ಇದನ್ನೇ. ಆದರೆ ಅವರ ಪ್ರಶ್ನೆಯ ಕೆಳಗೆ ಇಂದಿಗೂ ಜೀವಂತವಿರುವ ಒಂದು ನೆನಪಿದೆ. 1958ರಲ್ಲಿ ಹಳ್ಳಿಗಳನ್ನು ಸಮುದಾಯ ಕೃಷಿಕೂಟಗಳನ್ನಾಗಿ ಮಾಡಿದಾಗ ಮನೆಯ ಒಲೆಗಳನ್ನು ಆರಿಸಿ ಎಲ್ಲರೂ ಸಾರ್ವಜನಿಕ ಭೋಜನಶಾಲೆಯಲ್ಲಿ ಉಣ್ಣಬೇಕೆಂದು ವಿಧಿಸಲಾಯಿತು. ಎಷ್ಟೋ ಮನೆಗಳ ಕಬ್ಬಿಣದ ಬಾಣಲೆ, ಪಾತ್ರೆಗಳು ಉಕ್ಕು ತಯಾರಿಸುವ ಹಿತ್ತಲ ಕುಲುಮೆಗೆ ಹೋದವು. ಮೊದಮೊದಲು ಹೊಟ್ಟೆ ಬಿರಿಯೆ ಬಡಿಸಿದ ಆ ಭೋಜನಶಾಲೆಗಳಲ್ಲಿ ಕೆಲವೇ ತಿಂಗಳಲ್ಲಿ ಗಂಜಿ ತೆಳ್ಳಗಾಯಿತು, ಬಳಿಕ ಅದೂ ಇಲ್ಲವಾಯಿತು. 1959ರಿಂದ 1961ರವರೆಗಿನ ಆ ಕ್ಷಾಮದಲ್ಲಿ ಸತ್ತವರೆಷ್ಟು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಲೆಕ್ಕ ನಡೆಯುತ್ತಿರುವುದು ಕೋಟಿಗಳಲ್ಲಿ. ಸರಕಾರಿ ಸುದ್ದಿಸಂಸ್ಥೆಯ ಪತ್ರಕರ್ತರಾಗಿದ್ದ ಯಾಂಗ್ ಜಿಶೆಂಗ್ ಅವರ ತಂದೆಯೇ 1959ರಲ್ಲಿ ಹಸಿವಿನಿಂದ ತೀರಿಕೊಂಡರು. ಯಾಂಗ್ ಅವರು ವರ್ಷಗಟ್ಟಲೆ ಪ್ರಾಂತಗಳ ದಫ್ತರಗಳನ್ನು ಶೋಧಿಸಿ 3 ಕೋಟಿ 60 ಲಕ್ಷ ಎಂಬ ಅಂದಾಜಿಗೆ ಬಂದರು. 'ಗೋರಿಕಲ್ಲು' ಎಂಬ ಅರ್ಥದ ಹೆಸರಿರುವ ಅವರ ಗ್ರಂಥ 2008ರಲ್ಲಿ ಪ್ರಕಟವಾದದ್ದು ಹಾಂಗ್‌ಕಾಂಗಿನಲ್ಲಿ. ಚೀನಾದ ಒಳನಾಡಿನಲ್ಲಿ ಅದಕ್ಕೆ ಪ್ರವೇಶವಿಲ್ಲ.

ಕ್ಷಾಮ ಮುಗಿದ ಮೇಲೂ ಚೀಟಿಯ ಕಾಲ ಮುಗಿಯಲಿಲ್ಲ. 1955ರಲ್ಲಿ ಆರಂಭವಾದ ಧಾನ್ಯದ ಚೀಟಿ ಸುಮಾರು ನಾಲ್ಕು ದಶಕ ಬಾಳಿತು. ಅಕ್ಕಿಗೆ ಚೀಟಿ, ಎಣ್ಣೆಗೆ ಚೀಟಿ, ಬಟ್ಟೆಗೆ ಚೀಟಿ. ಕೈಯಲ್ಲಿ ಹಣವಿದ್ದರೆ ಸಾಲದು. ಹೋಟೆಲಿನಲ್ಲಿ ಒಂದು ಬಟ್ಟಲು ನೂಡಲ್ಸ್ ತಿನ್ನಲೂ ಹಣದೊಂದಿಗೆ ಚೀಟಿ ಕೊಡಬೇಕಿತ್ತು. ಹೊರನಾಡಿನಲ್ಲಿ ನೆಲೆಸಿರುವ ನಮ್ಮಂಥವರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಒಂದು ಪ್ರಾಂತದ ಚೀಟಿ ಇನ್ನೊಂದು ಪ್ರಾಂತದಲ್ಲಿ ನಡೆಯುತ್ತಿರಲಿಲ್ಲ. ಪರ ಪ್ರಾಂತಕ್ಕೆ ಹೋಗುವವನು ಕಚೇರಿಯಿಂದ ಪತ್ರ ತಂದು, 'ರಾಷ್ಟ್ರೀಯ ಚೀಟಿ' ಎಂಬ ಬೇರೊಂದು ಚೀಟಿ ಪಡೆಯಬೇಕಿತ್ತು. ಇಲ್ಲವಾದರೆ ಪರವೂರಿನಲ್ಲಿ ಉಪವಾಸ. ಊರು ಬಿಟ್ಟು ಬಂದ ಮೊದಲ ವರ್ಷಗಳಲ್ಲಿ ರೇಷನ್ ಕಾರ್ಡನ್ನು ವರ್ಗಾಯಿಸಿಕೊಳ್ಳಲು ಕಚೇರಿಯಿಂದ ಕಚೇರಿಗೆ ಅಲೆದ ನಮ್ಮ ಹಿರಿಯರಿಗೆ ಇದು ಅರ್ಥವಾದೀತು. ಆದರೆ ನಮ್ಮಲ್ಲಿ ಕಾರ್ಡು ಇಲ್ಲದವನಿಗೆ ಅಗ್ಗದ ಅಕ್ಕಿ ಸಿಗುತ್ತಿರಲಿಲ್ಲ, ಅಷ್ಟೆ. ಅಲ್ಲಿ ಚೀಟಿಯಿಲ್ಲದವನು ಊರು ಬಿಡುವುದೇ ಕಷ್ಟವಾಗಿತ್ತು. ಆ ಚೀಟಿ ಸಿಗುತ್ತಿದ್ದುದು ಪಟ್ಟಣದ ನಿವಾಸಿ ಎಂದು 'ಹುಕೋ' ದಾಖಲೆಯಲ್ಲಿ ಹೆಸರಿದ್ದವರಿಗೆ. 1958ರ ಕಾನೂನಿನಿಂದ ಬಿಗಿಯಾದ ಈ ಹುಕೋ ಪದ್ಧತಿಯ ಮಾತಿಗೆ ಮುಂದೆ ಬರುತ್ತೇನೆ. ಧಾನ್ಯದ ಚೀಟಿ 1993ರಲ್ಲಿ ರದ್ದಾಯಿತು. ಇಂದು ಐವತ್ತು ದಾಟಿದ ಪ್ರತಿಯೊಬ್ಬ ಪಟ್ಟಣವಾಸಿಗೂ ಅದರ ನೆನಪಿದೆ. ಈಗ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅವೇ ಚೀಟಿಗಳನ್ನು ಅಲಂಕಾರದ ವಸ್ತುವಿನಂತೆ ಮಾರುತ್ತಾರೆ.

ಈ ಹಿನ್ನೆಲೆ ತಿಳಿಯದೆ ಚೀನೀ ಆತಿಥ್ಯವನ್ನು ಅಳೆಯುವುದು ತಪ್ಪು. ತಿರುಗುವ ದುಂಡು ಮೇಜಿನ ಮೇಲೆ ಆರು ಜನರಿಗೆ ಹನ್ನೆರಡು ಬಗೆ ಬಂದು ಕೂರುತ್ತವೆ. ತಟ್ಟೆಗಳು ಬರಿದಾದರೆ ಅತಿಥಿಗೆ ಸಾಲದಾಯಿತೆಂದು ಯಜಮಾನನಿಗೆ ಮುಖಭಂಗ. ಆದುದರಿಂದ ಉಳಿಯುವಷ್ಟು ತರಿಸುವುದೇ ಮರ್ಯಾದೆ. ಕಂಡವರು ಇದನ್ನು ಕೊಳ್ಳುಬಾಕತನ ಎನ್ನುತ್ತಾರೆ. ನನಗೆ ಅದು ಹಸಿವಿಗೆ ಕೊಟ್ಟ ಉತ್ತರವಾಗಿ ಕಾಣುತ್ತದೆ. ಆದರೆ ಆ ಉತ್ತರವೂ ಈಗ ಸರಕಾರದ ಕಣ್ಣಿಗೆ ಬಿದ್ದಿದೆ. 2013ರಲ್ಲಿ 'ತಟ್ಟೆ ಬರಿದು ಮಾಡಿ' ಎಂಬ ಪ್ರಚಾರ ನಡೆಯಿತು. 2020ರ ಆಗಸ್ಟಿನಲ್ಲಿ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರು ಆಹಾರದ ಪೋಲನ್ನು ಖಂಡಿಸಿದ್ದೇ ತಡ, ವುಹಾನಿನ ಹೋಟೆಲು ಮಾಲೀಕರ ಸಂಘ ಹತ್ತು ಜನ ಬಂದರೆ ಒಂಬತ್ತು ಜನರಿಗಾಗುವಷ್ಟೇ ತರಿಸಬೇಕು ಎಂಬ ಸೂತ್ರವನ್ನು ಹೊರಡಿಸಿತು. 2021ರ ಏಪ್ರಿಲಿನಲ್ಲಿ ಆಹಾರ ಪೋಲು ತಡೆಯುವ ಕಾನೂನೇ ಬಂತು. ಗಿರಾಕಿಗಳಿಗೆ ಬೇಕಾದುದಕ್ಕಿಂತ ಹೆಚ್ಚು ತರಿಸುವಂತೆ ಪುಸಲಾಯಿಸುವ ಹೋಟೆಲಿಗೆ ಹತ್ತು ಸಾವಿರ ಯುವಾನಿನವರೆಗೆ ದಂಡ. ಪೋಲನ್ನು ಯಾರೂ ಸಮರ್ಥಿಸರು. ಆದರೂ ನನಗೆ ವಿಚಿತ್ರವೆನಿಸುವುದು ಇಷ್ಟು: ಅಂದು ಬಟ್ಟಲಿಗೆ ಎಷ್ಟು ಬೀಳಬೇಕೆಂದು ಎಣಿಸುತ್ತಿದ್ದ ಸರಕಾರ ಇಂದು ಬಟ್ಟಲಿನಲ್ಲಿ ಎಷ್ಟು ಉಳಿಯಿತೆಂದು ಎಣಿಸುತ್ತಿದೆ. ಎರಡೂ ಕಾಲದಲ್ಲಿ ಮೇಜಿನ ಒಂದು ಕುರ್ಚಿ ಅದರದೇ.

ಹೊರಗಿನ ತಿಂಡಿಗಳು ಅಲ್ಲಿ ನೆಲೆಯೂರಿದ ಬಗೆಯನ್ನು ನೋಡಿದರೆ, ಜಾಗತೀಕರಣದ ಬಗ್ಗೆ ನಾವು ಆಡಿಕೊಂಡು ಬಂದ ಎಷ್ಟೋ ಮಾತುಗಳನ್ನು ಮತ್ತೆ ತೂಗಿ ನೋಡಬೇಕಾಗುತ್ತದೆ. ಕೆಂಟಕಿ ಕೋಳಿಯ ಅಂಗಡಿ ಬೀಜಿಂಗಿನ ಚಿಯೆನ್‌ಮೆನ್ ಬಳಿ ಬಾಗಿಲು ತೆರೆದದ್ದು 1987ರ ನವೆಂಬರಿನಲ್ಲಿ, ಧಾನ್ಯದ ಚೀಟಿ ಇನ್ನೂ ಚಲಾವಣೆಯಲ್ಲಿದ್ದಾಗಲೇ. 1992ರಲ್ಲಿ ವಾಂಗ್‌ಫುಜಿಂಗ್ ರಸ್ತೆಯಲ್ಲಿ ಮೆಕ್‌ಡೊನಾಲ್ಡ್ಸ್ ಬಂತು. ಯಾನ್ ಯುನ್‌ಶ್ಯಾಂಗ್ ಎಂಬ ಮಾನವಶಾಸ್ತ್ರಜ್ಞರು ಆ ವರ್ಷಗಳಲ್ಲಿ ಈ ಅಂಗಡಿಗಳಿಗೆ ಬರುತ್ತಿದ್ದವರನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಜನ ಅಲ್ಲಿಗೆ ಹೋಗುತ್ತಿದ್ದುದು ರುಚಿಗಾಗಿ ಅಲ್ಲವಂತೆ. ಅಲ್ಲಿ ಎಲ್ಲರಿಗೂ ಒಂದೇ ಪಟ್ಟಿ, ಹೆಚ್ಚುಕಡಿಮೆ ಒಂದೇ ಬೆಲೆ; ಪಕ್ಕದ ಮೇಜಿನವನು ನಮಗಿಂತ ದುಬಾರಿಯಾದುದನ್ನು ತರಿಸಿ ನಮ್ಮ ಮಾನ ಕಳೆಯುವಂತಿಲ್ಲ. ಗಂಡಸರೇ ಪದಾರ್ಥಗಳನ್ನೂ ಮಾತನ್ನೂ ನಿರ್ಧರಿಸುವ ಸಾಂಪ್ರದಾಯಿಕ ಭೋಜನಗೃಹಕ್ಕಿಂತ ಹೆಂಗಸರಿಗೆ ಇಲ್ಲಿ ನೆಮ್ಮದಿ. ನಾವು ಸಾಮ್ರಾಜ್ಯಶಾಹಿಯ ಮುಖವಾಡ ಎಂದು ಬೈದದ್ದರೊಳಗೆ ಅಲ್ಲಿಯ ಹೆಣ್ಣುಮಗಳು ಒಂದು ಗಂಟೆಯ ಸಮಾನತೆಯನ್ನು ಕಂಡುಕೊಂಡಿದ್ದಳು.

ನಾವು ಬೈದೆವು, ನಿಜ. ಅದೇ ಕೆಂಟಕಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ 1995ರಲ್ಲಿ ಬಂದಾಗ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ರೈತಸಂಘ ಅದರ ವಿರುದ್ಧ ದನಿಯೆತ್ತಿತು. ಅಜಿನೊಮೊಟೊ ಮಿತಿಮೀರಿದೆಯೆಂದು ನಗರಪಾಲಿಕೆ ಪರವಾನಗಿ ರದ್ದು ಮಾಡಿತು. ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. 1996ರ ಜನವರಿಯಲ್ಲಿ ರೈತಸಂಘದವರು ಅಂಗಡಿಗೆ ನುಗ್ಗಿ ಗಾಜು ಒಡೆದರು. ಗಾಜು ಒಡೆದದ್ದನ್ನು ನಾನು ಮೆಚ್ಚಲಾರೆ. ಅಂಗಡಿಯೂ ಉಳಿಯಿತು, ಅಂಥವು ನೂರಾರಾದವು. ಆದರೆ ಒಂದು ಕೋಳಿ ತುಂಡಿನ ಬಗ್ಗೆ ಪಾಲಿಕೆ, ನ್ಯಾಯಾಲಯ, ಪತ್ರಿಕೆ, ಬೀದಿ ಎಲ್ಲೆಡೆ ಜಗಳವಾಡಲು ನಮಗೆ ಸಾಧ್ಯವಿತ್ತು ಎಂಬುದನ್ನು ನೆನಪಿನಲ್ಲಿಡಬೇಕು.

ಚೀನೀಯರು ಜಗಳವಾಡಲಿಲ್ಲ, ಅರಗಿಸಿಕೊಂಡರು. ಇಂದು ಅಲ್ಲಿಯ ಕೆಂಟಕಿ ಅಂಗಡಿಯಲ್ಲಿ ಬೆಳಗ್ಗೆ ಅಕ್ಕಿಯ ಗಂಜಿ ಸಿಗುತ್ತದೆ. ಗಂಜಿಯೊಂದಿಗೆ ಅದ್ದಿ ತಿನ್ನುವ ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕಡ್ಡಿ, ಸೋಯಾ ಹಾಲು ಸಿಗುತ್ತವೆ. 2023ರ ಕೊನೆಗೆ ಅಂಗಡಿಗಳ ಸಂಖ್ಯೆ ಹತ್ತು ಸಾವಿರ ಮುಟ್ಟಿತು. ಅಲ್ಲಿಗೇ ನಿಲ್ಲದೆ ತಮ್ಮವೇ ಸರಣಿ ಅಂಗಡಿಗಳನ್ನು ಕಟ್ಟಿದರು. 1997ರಲ್ಲಿ ಝೆಂಗ್‌ಝೌ ನಗರದಲ್ಲಿ ಐಸ್ ಮಾರುವ ಪುಟ್ಟ ಅಂಗಡಿಯಾಗಿ ಆರಂಭವಾದ ಮಿಶುಯೆ ಎಂಬ ಸಂಸ್ಥೆ 2024ರ ಹೊತ್ತಿಗೆ 45 ಸಾವಿರಕ್ಕೂ ಹೆಚ್ಚು ಅಂಗಡಿಗಳನ್ನು ಹೊಂದಿ ಮೆಕ್‌ಡೊನಾಲ್ಡ್ಸನ್ನೇ ಹಿಂದೆ ಹಾಕಿತು. ಬಂಡವಾಳವೇನೆಂದರೆ ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯ ನಿಂಬೆ ಪಾನಕ, ಚಹಾ. 2023ರ ಸೆಪ್ಟೆಂಬರಿನಲ್ಲಿ ಲಕಿನ್ ಎಂಬ ಕಾಫಿ ಸಂಸ್ಥೆ, ಮಾವ್‌ತಾಯ್ ಎಂಬ ಜೋಳದ ಮದ್ಯದ ಪರಿಮಳ ಬೆರೆಸಿದ ಕಾಫಿಯನ್ನು ಮಾರುಕಟ್ಟೆಗೆ ಬಿಟ್ಟ ಮೊದಲ ದಿನವೇ 54 ಲಕ್ಷ ಲೋಟಗಳನ್ನು ಮಾರಿದ್ದಾಗಿ ಹೇಳಿಕೊಂಡಿತು. ಫಿಲ್ಟರ್ ಕಾಫಿಯಲ್ಲಿ ನಂಬಿಕೆಯುಳ್ಳವನಾದ ನಾನು ಈ ವಿಷಯದಲ್ಲಿ ಅಭಿಪ್ರಾಯ ಹೇಳದಿರುವುದೇ ಲೇಸು.

ಸಸ್ಯಾಹಾರಿಗಳು ಅಲ್ಲಿ ಬದುಕುವುದು ಹೇಗೆಂದು ನನ್ನನ್ನು ಕೇಳದ ಬಂಧುಗಳಿಲ್ಲ. ಬೌದ್ಧ ಮಠಗಳ ಸಸ್ಯಾಹಾರದ ಪರಂಪರೆ ಅಲ್ಲಿ ಬಲು ಹಳೆಯದು. ಶಾಂಘೈಯ ಗೊಂಗ್‌ದಲಿನ್ ಎಂಬ ಸಸ್ಯಾಹಾರಿ ಭೋಜನಗೃಹ 1922ರಿಂದ ನಡೆದು ಬಂದಿದೆ. ಕಷ್ಟವಿರುವುದು ಸಾಮಾನ್ಯ ಹೋಟೆಲುಗಳಲ್ಲಿ. ಅಲ್ಲಿ ಸೊಪ್ಪಿನ ಪಲ್ಯಕ್ಕೂ ರುಚಿಗೆಂದು ಹಂದಿಯ ಕೊಬ್ಬು ಬಿದ್ದಿರಬಹುದು. ಗೋಬಿ ಮಂಚೂರಿಯನ್ ಮಾತ್ರ ಚೀನಾದಲ್ಲೆಲ್ಲೂ ಸಿಗದು. ಆ ಮಂಚೂರಿ ಹೆಸರಿನ ಮೂಲಪದಾರ್ಥ ಹುಟ್ಟಿದ್ದು 1970ರ ದಶಕದ ಮುಂಬಯಿಯಲ್ಲಿ, ಕೊಲ್ಕತ್ತೆಯ ಚೀನೀ ಮನೆತನದ ನೆಲ್ಸನ್ ವಾಂಗ್ ಅವರ ಕೈಯಲ್ಲಿ. ಇರಲಿ.

ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹಸಿವು ಹೋಯಿತು, ಆಯ್ಕೆ ಬಂತು. ಆಯ್ಕೆಯ ಜೊತೆಗೆ ಬರಬೇಕಾಗಿದ್ದ ನಂಬಿಕೆ ಬರಲಿಲ್ಲ. 2008ರ ಸೆಪ್ಟೆಂಬರಿನಲ್ಲಿ, ಬೀಜಿಂಗಿನ ಒಲಿಂಪಿಕ್ ಕ್ರೀಡಾಕೂಟ ಮುಗಿದ ಕೆಲವೇ ವಾರಗಳಲ್ಲಿ, ಸಾನ್‌ಲು ಎಂಬ ಪ್ರಸಿದ್ಧ ಸಂಸ್ಥೆಯ ಶಿಶುಗಳ ಹಾಲಿನ ಪುಡಿಯಲ್ಲಿ ಮೆಲಮಿನ್ ಎಂಬ ರಾಸಾಯನಿಕ ಇರುವುದು ಬಯಲಾಯಿತು. ನಾವು ಮೆಲಮಿನ್ ತಟ್ಟೆಗಳೆಂದು ಕರೆಯುವ ಪಾತ್ರೆಗಳನ್ನು ತಯಾರಿಸಲು ಬಳಸುವ ವಸ್ತುವದು. ಹಾಲಿಗೆ ನೀರು ಬೆರೆಸಿದರೆ ಅದರ ಪ್ರೋಟೀನಿನ ಅಂಶ ಇಳಿಯುತ್ತದೆ. ಪರೀಕ್ಷೆಯಲ್ಲಿ ನೇರವಾಗಿ ಅಳೆಯುತ್ತಿದ್ದುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಮೆಲಮಿನ್‌ನಲ್ಲಿ ಸಾರಜನಕ ಹೇರಳ. ಹಾಗಾಗಿ ನೀರು ಬೆರೆಸಿದ ಹಾಲು ಈ ಪುಡಿಯ ಬಲದಿಂದ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿತ್ತು, ಕುಡಿದ ಕೂಸಿನ ಮೂತ್ರಪಿಂಡದಲ್ಲಿ ಕಲ್ಲು ಬೆಳೆಯುತ್ತಿತ್ತು. ಸುಮಾರು 3 ಲಕ್ಷ ಶಿಶುಗಳು ಕಾಯಿಲೆ ಬಿದ್ದವು. ಅಧಿಕೃತ ಲೆಕ್ಕದಂತೆ ಆರು ಕೂಸುಗಳು ಸತ್ತವು. ಪರೀಕ್ಷಿಸಿದಾಗ ಇಪ್ಪತ್ತೆರಡು ಸಂಸ್ಥೆಗಳ ಹಾಲಿನಲ್ಲಿ ಅದೇ ವಿಷ ಕಂಡಿತು.

ಸರಕಾರ ಶಿಕ್ಷಿಸಲಿಲ್ಲವೆಂದಲ್ಲ. ಇಬ್ಬರನ್ನು 2009ರಲ್ಲಿ ಗಲ್ಲಿಗೇರಿಸಿತು ಎನ್ನುವಷ್ಟು ಕಠಿಣವಾಗಿ ನಡೆದುಕೊಂಡಿತು. ಸಂಸ್ಥೆಯ ಮುಖ್ಯಸ್ಥೆಗೆ ಜೀವಾವಧಿ ಶಿಕ್ಷೆಯಾಯಿತು. ನಮ್ಮ ನಡುವಿನ ಚೀನಾ ಅಭಿಮಾನಿಗಳು ಉದಾಹರಿಸುವುದು ಇದನ್ನೇ: ನಮ್ಮಲ್ಲಿ ಕಲಬೆರಕೆ ಮಾಡಿದವನಿಗೆ ಯಾವಾಗ ಮರಣದಂಡನೆಯಾಗಿದೆ, ಎಂದು. ಅವರು ಕಥೆಯ ಉಳಿದರ್ಧವನ್ನು ಹೇಳುವುದಿಲ್ಲ. ತನ್ನ ಮಗುವೂ ಇದೇ ಹಾಲು ಕುಡಿದು ಕಾಯಿಲೆ ಬಿದ್ದಾಗ ಝಾವೊ ಲಿಯೆನ್‌ಹಾಯ್ ಎಂಬ ತಂದೆ ಇತರ ತಂದೆತಾಯಿಗಳನ್ನು ಒಟ್ಟುಗೂಡಿಸಿ, ಮಾಹಿತಿ ಹಂಚಿ, ಪರಿಹಾರ ಕೇಳತೊಡಗಿದರು. 2010ರ ನವೆಂಬರಿನಲ್ಲಿ ನ್ಯಾಯಾಲಯ ಅವರಿಗೆ ಎರಡೂವರೆ ವರ್ಷ ಸೆರೆವಾಸ ವಿಧಿಸಿತು. ಅಪರಾಧವೇನು? ಸಾರ್ವಜನಿಕ ಶಾಂತಿಗೆ ಭಂಗ ತರುವಂತೆ ತಕರಾರು ಎಬ್ಬಿಸಿದ್ದು. ವಿಷ ಬೆರೆಸಿದವನಿಗೆ ಗಲ್ಲು, ವಿಷವೇಕೆ ಬೆರೆಯಿತೆಂದು ಗುಂಪುಕಟ್ಟಿ ಕೇಳಿದವನಿಗೆ ಜೈಲು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಆ ವ್ಯವಸ್ಥೆ ಅರ್ಥವಾಗುತ್ತದೆ.

ಕೇಳುವಂತಿಲ್ಲದ ಗ್ರಾಹಕ ಏನು ಮಾಡಿಯಾನು? ಬೇರೆ ಅಂಗಡಿಗೆ ಹೋದಾನು. ಒಳನಾಡಿನ ತಾಯಂದಿರು ಹಾಂಗ್‌ಕಾಂಗಿಗೆ ಹೋಗಿ ಹಾಲಿನ ಪುಡಿ ತರತೊಡಗಿದರು. ಅಲ್ಲಿಯ ಅಂಗಡಿಗಳು ಬರಿದಾಗಿ, ಒಬ್ಬರು ಎರಡು ಡಬ್ಬಿಗಿಂತ ಹೆಚ್ಚು ಹೊರಗೆ ಒಯ್ಯುವಂತಿಲ್ಲ ಎಂದು 2013ರ ಮಾರ್ಚಿನಲ್ಲಿ ಹಾಂಗ್‌ಕಾಂಗ್ ಕಾನೂನು ಮಾಡಿತು. ಚೀಟಿ ಹೋಗಿ ಇಪ್ಪತ್ತು ವರ್ಷಕ್ಕೆ ಮತ್ತೆ ತಲೆಯೆಣಿಕೆಯ ಹಾಲು. ಹಣವಿದ್ದವರು ಪರದೇಶದ ಡಬ್ಬಿ ತರಿಸಿದರು; ಇಲ್ಲದವರು ದೇವರ ಮೇಲೆ ಭಾರ ಹಾಕಿದರು. 2024ರ ಜುಲೈಯಲ್ಲಿ ಕಲ್ಲಿದ್ದಲಿನಿಂದ ತೆಗೆದ ಇಂಧನ ತೈಲ ಸಾಗಿಸಿದ ಟ್ಯಾಂಕರುಗಳಲ್ಲೇ, ತೊಳೆಯದೆ, ಅಡುಗೆ ಎಣ್ಣೆಯನ್ನೂ ಸಾಗಿಸಲಾಗುತ್ತಿದೆ ಎಂಬುದನ್ನು ಬೀಜಿಂಗಿನ ದಿನಪತ್ರಿಕೆಯೊಂದು ಬಯಲಿಗೆಳೆಯಿತು. ಅಂಥ ಪತ್ರಕರ್ತರು ಅಲ್ಲಿಯೂ ಇದ್ದಾರೆಂಬುದನ್ನು ಗೌರವದಿಂದ ಹೇಳಬೇಕು. ಆದರೆ ವರದಿಯ ಹಿಂದೆ ನಿಲ್ಲಬಲ್ಲ ಸಂಘವೊಂದನ್ನು ಕಟ್ಟುವ ಧೈರ್ಯ, ಝಾವೊ ಅವರ ಗತಿಯನ್ನು ಕಂಡ ಮೇಲೆ, ಯಾರಿಗೆ ಬಂದೀತು?

ನಮ್ಮ ಅಡುಗೆಮನೆ ಶುದ್ಧವೆಂದು ನಾನು ಹೇಳುತ್ತಿಲ್ಲ. ಗೋಬಿ ಮಂಚೂರಿಯನ್ನಿಗೂ ಬೊಂಬಾಯಿ ಮಿಠಾಯಿಗೂ ಹಾಕುತ್ತಿದ್ದ ಅಪಾಯಕಾರಿ ಕೃತಕ ಬಣ್ಣಗಳನ್ನು ಕರ್ನಾಟಕ ಸರಕಾರ ನಿಷೇಧಿಸಿದ್ದು 2024ರ ಮಾರ್ಚಿನಲ್ಲಷ್ಟೆ. ಅಷ್ಟರವರೆಗೆ ನಮ್ಮ ಮಕ್ಕಳು ತಿಂದದ್ದೆಷ್ಟೋ! 2015ರಲ್ಲಿ ಮ್ಯಾಗಿ ನೂಡಲ್ಸ್‌ನಲ್ಲಿ ಸೀಸವಿದೆಯೆಂದು ಕೇಂದ್ರದ ಆಹಾರ ಪ್ರಾಧಿಕಾರ ಮಾರಾಟ ನಿಲ್ಲಿಸಿತು. ಪರೀಕ್ಷಾಕ್ರಮ ಸರಿಯಿಲ್ಲವೆಂದು ಮುಂಬಯಿ ಹೈಕೋರ್ಟು ಆ ಆಜ್ಞೆಯನ್ನು ತಳ್ಳಿಹಾಕಿ ಮರುಪರೀಕ್ಷೆಗೆ ಆದೇಶಿಸಿತು. ಯಾರು ಸರಿ ಎಂಬ ವಿವಾದ ಬೇರೆ. ಎಲ್ಲವೂ ಎಲ್ಲರ ಕಣ್ಣೆದುರು ನಡೆಯಿತು, ಮೂರು ತಿಂಗಳು ಪತ್ರಿಕೆಗಳ ತುಂಬ ಅದೇ ಸುದ್ದಿ. ನಮ್ಮ ದೌರ್ಬಲ್ಯ ಕೇಳಲು ಅವಕಾಶವಿಲ್ಲದ್ದಲ್ಲ. ಕೇಳಿ ಸುಸ್ತಾಗಿ ಮನೆಗೆ ಹೋಗುವುದು.

ಷಾವೋಶಿಂಗ್ ಪಟ್ಟಣದ ಸೆರಗಿನಲ್ಲಿರುವ ಕೆಚಿಯಾವೊದಲ್ಲಿ ದೊಡ್ಡ ಜವಳಿ ಮಾರುಕಟ್ಟೆಯಿದೆ. ಭಾರತೀಯ ವ್ಯಾಪಾರಿಗಳು ಅಲ್ಲಿ ತುಂಬಿದ್ದಾರೆ. ಆದರೆ ಷಾವೋಶಿಂಗ್ ಆಧುನಿಕ ಚೀನೀ ಸಾಹಿತ್ಯದ ಪಿತಾಮಹ ಲೂ ಷುನ್ ಅವರ ಊರೂ ಹೌದು. 1919ರಲ್ಲಿ ಪ್ರಕಟವಾದ ಅವರ 'ಕೊಂಗ್ ಯಿಜಿ' ಕಥೆಯ ನಾಯಕ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಬಡ ಪಂಡಿತ. ಹೆಂಡದಂಗಡಿಯಲ್ಲಿ ಕೂಲಿಕಾರರು ಕಟ್ಟೆಯ ಮುಂದೆ ನಿಂತು ಕುಡಿಯುವರು, ನಿಲುವಂಗಿಯ ಉಳ್ಳವರು ಒಳಗೆ ಕುಳಿತು ಕುಡಿಯುವರು. ನಿಲುವಂಗಿ ತೊಟ್ಟೂ ನಿಂತು ಕುಡಿಯುವವನು ಇವನೊಬ್ಬನೇ. ಹತ್ತೊಂಬತ್ತು ಕಾಸಿನ ಸಾಲ ತೀರಿಸಲಾಗದೆ ಕಣ್ಮರೆಯಾಗುತ್ತಾನೆ. ಕಥೆಯ ಆ ಅಂಗಡಿಯ ಹೆಸರಿನ ಹೋಟೆಲನ್ನು 1981ರಲ್ಲಿ, ಲೂ ಷುನ್ ಜನ್ಮಶತಾಬ್ದಿಯ ವರ್ಷ, ಷಾವೋಶಿಂಗಿನಲ್ಲಿ ಮತ್ತೆ ತೆರೆದರು. ಬಾಗಿಲ ಬಳಿ ಕೊಂಗ್ ಯಿಜಿಯ ಪ್ರತಿಮೆ. ಪ್ರವಾಸಿಗಳು ಅದರ ಪಕ್ಕ ನಿಂತು ಚಿತ್ರ ತೆಗೆಸಿಕೊಂಡು, ಅವನು ತಿನ್ನುತ್ತಿದ್ದ ಬೇಯಿಸಿದ ಅವರೆಯಂಥ ಕಾಳನ್ನೂ ಅಕ್ಕಿಯ ಮದ್ಯವನ್ನೂ ಕೊಳ್ಳುತ್ತಾರೆ. ಸಾಲಗಾರನೇ ವ್ಯಾಪಾರದ ಗುರುತಾದ. ಗ್ರಾಹಕ ಸಂಸ್ಕೃತಿಗೆ ಅರಗದ ವಸ್ತುವಿಲ್ಲ.

ಆದರೆ ಕೊಂಗ್ ಯಿಜಿ ಅರಗಲಿಲ್ಲ. 2023ರ ವಸಂತದಲ್ಲಿ, ಪದವಿ ಪಡೆದೂ ಕೆಲಸ ಸಿಗದ ತರುಣರು ತಮ್ಮನ್ನು ಕೊಂಗ್ ಯಿಜಿಗಳೆಂದು ಕರೆದುಕೊಳ್ಳತೊಡಗಿದರು. ಓದು ತಾವು ಕಳಚಲಾಗದ ನಿಲುವಂಗಿಯಾಗಿದೆ ಎಂಬುದು ಅವರ ಅಳಲು. ಕೊಂಗ್ ಯಿಜಿ ಕೆಟ್ಟದ್ದು ಓದಿದ್ದರಿಂದಲ್ಲ, ಪಂಡಿತನೆಂಬ ಬಿಂಕ ಬಿಟ್ಟು ದುಡಿಯದಿದ್ದರಿಂದ ಎಂದು ಸರಕಾರಿ ದೂರದರ್ಶನ ಬುದ್ಧಿ ಹೇಳಿತು. ಆ ಜೂನ್ ತಿಂಗಳಲ್ಲಿ ಪಟ್ಟಣದ ತರುಣರ ನಿರುದ್ಯೋಗ ಪ್ರಮಾಣ ಶೇಕಡಾ 21.3 ಆಯಿತು. ಆಗಸ್ಟಿನಲ್ಲಿ ಸರಕಾರ ಆ ಅಂಕಿಯ ಪ್ರಕಟಣೆಯನ್ನೇ ನಿಲ್ಲಿಸಿತು. ಕೆಲವು ತಿಂಗಳ ನಂತರ ಲೆಕ್ಕದ ರೀತಿಯನ್ನು ಬದಲಿಸಿ ಮತ್ತೆ ಆರಂಭಿಸಿತು. ಬಿಂಕ ಬಿಟ್ಟ ತರುಣರಿಗೆ ಕಾದಿರುವ ದುಡಿಮೆಯಾದರೂ ಯಾವುದು? ಬಹಳ ಮಂದಿಗೆ ಮೋಟರುಗಾಡಿಯಲ್ಲಿ ಮನೆಮನೆಗೆ ಊಟ ಮುಟ್ಟಿಸುವ ಕೆಲಸ. ಊಟ ತಲುಪಿಸುವ ಸಮಯವನ್ನು ಕಂಪ್ಯೂಟರು ನಿಮಿಷ ನಿಮಿಷವಾಗಿ ಹೇಗೆ ಕಡಿತಗೊಳಿಸುತ್ತದೆ, ಆ ಗಡುವಿಗೆ ಓಡುವವರು ಹೇಗೆ ಕೆಂಪು ದೀಪ ದಾಟಿ ಕೈಕಾಲು ಮುರಿದುಕೊಳ್ಳುತ್ತಾರೆ ಎಂಬುದನ್ನು 2020ರಲ್ಲಿ ಅಲ್ಲಿಯದೇ ಒಂದು ನಿಯತಕಾಲಿಕ ವಿವರವಾಗಿ ಬರೆದು ದೇಶವನ್ನೇ ಬೆಚ್ಚಿಬೀಳಿಸಿತ್ತು. ನಮ್ಮ ಊರುಗಳಲ್ಲೂ ಅದೇ ಹುಡುಗರು ಓಡುತ್ತಿದ್ದಾರೆ; ಬಾಗಿಲು ತೆರೆದು ಪೊಟ್ಟಣ ಇಸಿದುಕೊಳ್ಳುವ ನಾವು ಅವರ ಮುಖ ನೋಡುವುದು ಅಪರೂಪ.

ಕೈಬೆರಳಿನ ತುದಿಯಲ್ಲಿ ಲೋಕದ ಸಮಸ್ತ ತಿನಿಸನ್ನೂ ತರಿಸಬಲ್ಲ ಗ್ರಾಹಕನ ನಿಜವಾದ ಬಲ ಎಷ್ಟೆಂಬುದು 2022ರ ಏಪ್ರಿಲಿನಲ್ಲಿ ಶಾಂಘೈಯಲ್ಲಿ ಗೊತ್ತಾಯಿತು. ಸಾಂಕ್ರಾಮಿಕದ ಕಾರಣ ಎರಡೂವರೆ ಕೋಟಿ ಜನರನ್ನು ಎರಡು ತಿಂಗಳು ಮನೆಯೊಳಗೆ ಕೂಡಿಹಾಕಲಾಯಿತು. ಚೀನಾದ ಅತಿ ಶ್ರೀಮಂತ ನಗರದಲ್ಲಿ, ಹಣ ಇದ್ದೂ ಫೋನು ಇದ್ದೂ, ಎಲೆಕೋಸು ಸಿಗದೆ ಜನ ಪರದಾಡಿದರು. ಮುಂಜಾನೆ ಎದ್ದು ಫೋನಿನಲ್ಲಿ ಸರದಿ ಹಿಡಿಯುವುದು, ಎರಡು ನಿಮಿಷದಲ್ಲಿ ಎಲ್ಲವೂ ಮುಗಿದು ಹೋಗುವುದು. ಆಗ ಕೈಹಿಡಿದದ್ದು ಮಾರುಕಟ್ಟೆಯೂ ಅಲ್ಲ, ಪಕ್ಷವೂ ಅಲ್ಲ. ವರ್ಷಗಟ್ಟಲೆ ಒಂದೇ ಕಟ್ಟಡದಲ್ಲಿದ್ದೂ ಪರಿಚಯವಿಲ್ಲದ ನೆರೆಹೊರೆಯವರು ಗುಂಪು ಮಾಡಿಕೊಂಡು, ಒಬ್ಬರನ್ನು ಮುಂದಾಳುವಾಗಿ ಆರಿಸಿ, ನೂರು ಮನೆಗಳ ಬೇಡಿಕೆ ಒಟ್ಟು ಮಾಡಿ ಸಗಟಾಗಿ ತರಕಾರಿ ತರಿಸಿಕೊಂಡರು. ಮಹಡಿ ಮಹಡಿಗೆ ಹಂಚಿದರು. ಈರುಳ್ಳಿ ಕೊಟ್ಟು ಮೊಟ್ಟೆ ಪಡೆದರು. ಅವರು ಆ ದಿನಗಳಲ್ಲಿ ಗ್ರಾಹಕರಾಗಿರಲಿಲ್ಲ. ಆ ತಿಂಗಳ ಜನರ ಅಳು, ಬೇಡಿಕೆ, ಜಗಳಗಳ ಧ್ವನಿಗಳನ್ನು ಜೋಡಿಸಿದ ಆರು ನಿಮಿಷದ ಒಂದು ಚಿತ್ರಿಕೆ ಲಕ್ಷಾಂತರ ಜನರ ಕೈಗೆ ತಲುಪಿತು. ಸರಕಾರ ಅದನ್ನು ಅಳಿಸಿತು, ಜನ ಮತ್ತೆ ಹಾಕಿದರು, ಮತ್ತೆ ಅಳಿಸಿತು.

ಈಗ ಹುಕೋ ಮಾತಿಗೆ. ಚೀನಾದ ಯಾವ ನಗರಕ್ಕೆ ಹೋದರೂ ರಸ್ತೆಗೊಂದರಂತೆ ಕಾಣುವುದು 'ಲಾನ್‌ಝೌ ನೂಡಲ್ಸ್' ಅಂಗಡಿ. ಹಿಟ್ಟನ್ನು ಕೈಯಲ್ಲೇ ಎಳೆದೆಳೆದು ನೂಲಿನಂತೆ ಮಾಡಿ ಸಾರಿನಲ್ಲಿ ಹಾಕಿ ಕೊಡುವ ಅಗ್ಗದ ಊಟ. ಆದರೆ ಅಂಗಡಿಯವರಲ್ಲಿ ಬಹಳ ಮಂದಿ ಲಾನ್‌ಝೌ ನಗರದವರಲ್ಲ, ಪಕ್ಕದ ಚಿಂಗ್‌ಹಾಯ್ ಪ್ರಾಂತದ ಹ್ವಾಲೊಂಗ್ ಎಂಬ ಬಡ ಜಿಲ್ಲೆಯ ಮುಸಲ್ಮಾನರು. ಹ್ವಾಲೊಂಗ್ ಎಂದರೆ ಯಾರಿಗೂ ಗೊತ್ತಿಲ್ಲ, ಲಾನ್‌ಝೌ ಹೆಸರಾಂತದ್ದು. ಆ ಹೆಸರನ್ನೇ ಇಟ್ಟುಕೊಂಡರು. ಕುಂದಾಪುರದವರೂ ಕಾರ್ಕಳದವರೂ ಮುಂಬಯಿಯಲ್ಲಿ 'ಉಡುಪಿ' ಹೋಟೆಲು ನಡೆಸಿದಂತೆ. ನೆಂಟನೊಬ್ಬ ಬಂದು ಅಂಗಡಿ ಹಾಕುವುದು, ಊರಿಂದ ಹುಡುಗರನ್ನು ಕರೆಸಿಕೊಳ್ಳುವುದು, ಆ ಹುಡುಗ ಪಾತ್ರೆ ತೊಳೆದು, ಹಿಟ್ಟು ನಾದಿ, ಕೆಲವು ವರ್ಷದಲ್ಲಿ ತನ್ನದೇ ಅಂಗಡಿ ಇಡುವುದು. 1980ರ ದಶಕದ ಕೊನೆಯಿಂದ ನಡೆದ ಆ ಕಥೆಯನ್ನು ಕೇಳುವಾಗ ಹೊರನಾಡ ಕನ್ನಡಿಗನಿಗೆ ತನ್ನ ಅಜ್ಜನ ಕಥೆಯನ್ನೇ ಕೇಳಿದಂತಾಗುತ್ತದೆ.

ವ್ಯತ್ಯಾಸ ಆರಂಭವಾಗುವುದು ಅಂಗಡಿಯ ಹೊರಗೆ. ಮುಂಬಯಿಯಲ್ಲಿ ಹೋಟೆಲಿನ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳಿದ್ದವು. ಹಗಲು ಲೋಟ ತೊಳೆದವರು ರಾತ್ರಿ ಓದಿ ವಕೀಲರಾದರು, ಲೇಖಕರಾದರು, ಬ್ಯಾಂಕು ಸೇರಿದರು. ಸಂಘ ಕಟ್ಟಿದೆವು, ನಾಟಕ ಆಡಿದೆವು, ಈ ಬಗೆಯ ಪತ್ರಿಕೆ ತಂದೆವು. ನಮಗೂ ಬೈಗುಳ ಬಿದ್ದಿವೆ, ನಮ್ಮ ಹೋಟೆಲುಗಳ ಮೇಲೂ ಕಲ್ಲು ಬಿದ್ದಿವೆ. ನಾಮಫಲಕದ ಅಕ್ಷರದ ಬಗ್ಗೆ ಜಗಳಗಳಾಗಿವೆ. ಆದರೆ ಇಲ್ಲಿ ಮತ ಹಾಕಿದೆವು, ಚುನಾವಣೆಗೆ ನಿಂತೆವು. ಹ್ವಾಲೊಂಗಿನವನು ಬೀಜಿಂಗಿನಲ್ಲಿ ಇಪ್ಪತ್ತು ವರ್ಷ ನೂಡಲ್ಸ್ ಎಳೆದರೂ ಹುಕೋ ದಾಖಲೆಯಲ್ಲಿ ಹ್ವಾಲೊಂಗಿನವನೇ. ಹಲಾಲ್ ಹೋಟೆಲುಗಳ ಫಲಕಗಳಲ್ಲಿದ್ದ ಅರಬ್ಬೀ ಅಕ್ಷರಗಳನ್ನು 2019ರಲ್ಲಿ ಬೀಜಿಂಗಿನ ಅಧಿಕಾರಿಗಳು ತೆಗೆಸಿದಾಗ ಅವನು ತೆಗೆದ, ಕೆಲವರು ಮೇಲೆ ಕಾಗದ ಅಂಟಿಸಿದರು. ಧಾನ್ಯದ ಚೀಟಿಯನ್ನು ರದ್ದು ಮಾಡಿದ ಸರಕಾರ ಅದರ ತಾಯಿಬೇರಾದ ಹುಕೋವನ್ನು ಸಣ್ಣ ಊರುಗಳಲ್ಲಿ ಸಡಿಲಿಸಿದೆ. ಬೀಜಿಂಗ್, ಶಾಂಘೈಗಳಲ್ಲಿ ಬಿಗಿಯಾಗಿಯೇ ಉಳಿಸಿಕೊಂಡಿದೆ. ಈಗ ಅವನು ದೇಶದ ಯಾವ ಮೂಲೆಯಲ್ಲಿ ಬೇಕಾದರೂ ಉಣ್ಣಬಹುದು, ಉಣಬಡಿಸಬಹುದು. ಮಗ ಹದಿನಾಲ್ಕು ಹದಿನೈದರ ಹೊತ್ತಿಗೆ ಬಂದಾಗ ಮಾತ್ರ ಅವನನ್ನು ರೈಲು ಹತ್ತಿಸಿ ಹ್ವಾಲೊಂಗಿನಲ್ಲಿರುವ ಅಜ್ಜಿಯ ಮನೆಗೆ ಕಳುಹಿಸಬೇಕು. ಕಾಲೇಜು ಪ್ರವೇಶದ ಪರೀಕ್ಷೆಯನ್ನು ಆ ಹುಡುಗ ಬರೆಯಬೇಕಾದದ್ದು ಹುಕೋ ಇರುವ ಪ್ರಾಂತದಲ್ಲಿ, ತಾನು ಹುಟ್ಟಿ ಬೆಳೆದ ಬೀಜಿಂಗಿನಲ್ಲಲ್ಲ.